ಮೂರು ರಾತ್ರಿಯ ಷರತ್ತು

ನವೆಂಬರ್ 3, ಸೋಮವಾರ

ಎರಡು ಗಂಟೆ ನಲವತ್ತು ನಿಮಿಷ. ಎಬ್ಬಿಸಿದ್ದು ದಬ್ ದಬ್ ಅನ್ನೋ ಸದ್ದು. ಕೆಳಗಿನ ನೀರಿನ ಪಂಪನ್ನು ಯಾರೋ ಆರಿಸದೆ ಮಲಗಿದ್ದಾರೆ ಅಂದುಕೊಂಡು ಎದ್ದು ಬಾಲ್ಕನಿಗೆ ಹೋದೆ. ಪಂಪು ನಿಂತಿತ್ತು. ವಾಪಸು ಬಂದು ದಿಂಬಿಗೆ ಕಿವಿಯಿಟ್ಟರೆ ಮತ್ತೆ ಅದೇ ಸದ್ದು. ಆಗ ಗೊತ್ತಾಯಿತು, ಅದು ನನ್ನ ಎದೆ. ಮಗಳು ಎದ್ದಿರಲಿಲ್ಲ. ನಾಲ್ಕು ತಿಂಗಳ ಕೂಸು ಎಬ್ಬಿಸದ ರಾತ್ರಿಯಲ್ಲಿ ಅಮ್ಮ ತಾನಾಗಿ ಎದ್ದು ಕೂರುವುದೆಂದರೆ ರಜೆ ದಿನ ಬೀಗ ತೆಗೆದು ಆಫೀಸಿನಲ್ಲಿ ಕೂತ ಹಾಗೆ.

ಈ ನೋಟ್‌ಬುಕ್ ನನಗೆ ಮಾತ್ರ. ಎಲ್ಲರೂ ನೋಡುವ ಹಾಳೆ ಫ್ರಿಜ್ಜಿನ ಬಾಗಿಲ ಮೇಲಿದೆ: ನಿದ್ದೆ ಹಾಳೆ. ಒಂದು ರಾತ್ರಿಗೆ ಒಂದು ಸಾಲು, ಅರ್ಧ ಗಂಟೆಗೊಂದು ಚೌಕ, ಮಲಗಿದ್ದಷ್ಟು ಪೆನ್ಸಿಲಿನಿಂದ ಕಪ್ಪು ಮಾಡಬೇಕು. ತಿಂಗಳ ಕೊನೆಗೆ ಮನೋವೈದ್ಯರ ಆಸ್ಪತ್ರೆಯ ಸಿಸ್ಟರ್‌ಗೆ ಕೊಡಬೇಕು. ಅದರ ಪಕ್ಕದಲ್ಲಿ ಒಪ್ಪಂದ. ಬಸುರಿಯಾಗಿ ಏಳು ತಿಂಗಳಾಗಿದ್ದಾಗ, ಹೊಟ್ಟೆ ಮೇಜಿಗೆ ತಾಗುತ್ತಿದ್ದರೂ ಬಗ್ಗಿ, ನಾನೇ ದುಂಡಗೆ ಬರೆದದ್ದು.

ಒಂದು, ಹೆರಿಗೆಯ ನಂತರ ಸತತ ಮೂರು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಮಲಗಿದರೆ ಮಗುವನ್ನು ನಾದಿನಿಯ ಮನೆಗೆ ಕಳಿಸುವುದು. ಎರಡು, ರಾತ್ರಿ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟು ಹೆಚ್ಚಿಸುವುದು. ಮೂರು, ಇದನ್ನು ಬದಲಿಸುವ ಅಧಿಕಾರ ಡಾಕ್ಟರ್‌ಗೆ ಅಥವಾ ಸಿಸ್ಟರ್‌ಗೆ ಮಾತ್ರ. ನಾಲ್ಕು, ಆ ಹೊತ್ತಿನಲ್ಲಿ ನಾನು ವಾದ ಮಾಡುವುದಿಲ್ಲ.

ಕೆಳಗೆ ನನ್ನದು, ಇವರದು, ಅತ್ತೆಯದು, ಸಿಸ್ಟರದು ನಾಲ್ಕು ಸಹಿ.

ಬರೆಯುವಾಗ ಬಹಳ ಜಾಣೆ ಅನ್ನಿಸಿತ್ತು. ಮೂರು ವರ್ಷದ ಹಿಂದೆ ಸ್ಕಿಜೋಫ್ರೇನಿಯಾ ಮರುಕಳಿಸಿದ್ದು ನಿದ್ದೆ ಕೆಟ್ಟೇ. ಆಗ ಹತ್ತು ದಿನ ನಾನು ಹೇಳಿದ ಕಾರಣಗಳನ್ನು ಮನೆಯವರೆಲ್ಲ ನಂಬಿದರು. ಹನ್ನೊಂದನೇ ದಿನ ನಾನು ಟೆರೇಸಿನ ಅಂಚಿನ ಗೋಡೆಯ ಮೇಲೆ ಕೂತಿದ್ದೆ. ಹಾಗಾಗಿ ನಾಲ್ಕನೇ ಷರತ್ತು.

ನಿನ್ನೆ ಮಲಗಿದ್ದು ಮೂರು ಗಂಟೆ. ಹದಿಮೂರು ಚೌಕ ಕಪ್ಪು ಮಾಡಿದೆ, ಅಂದರೆ ಆರೂವರೆ ಗಂಟೆ. ಹದಿನಾರು ಮಾಡಬಹುದಿತ್ತು. ಸುಳ್ಳಿಗೂ ಒಂದು ಮಿತಿ ಇರಲಿ.

ನವೆಂಬರ್ 5, ಬುಧವಾರ

ಇಂದು ಕೆಳಗಿನ ಟೈಲರಮ್ಮ ಟೇಪು ಹಿಡಿದು ಎರಡೆರಡು ಸಲ ಅಳೆದರು. "ಮೂರು ಇಂಚು ಒಳಗೆ ಹಿಡೀಬೇಕು ಕಣ್ರೀ. ಎಲ್ರೂ ಹೆತ್ತ ಮೇಲೆ ಊದ್ಕೋತಾರೆ, ನೀವು ಇಳೀತಿದೀರಿ. ಏನ್ ಗುಟ್ಟು, ನಮಗೂ ಹೇಳಿ."

ಗುಟ್ಟೇನೂ ಇಲ್ಲ. ಊಟ ಎರಡಾಳಿನಷ್ಟು ಮಾಡುತ್ತೇನೆ. ನಡುರಾತ್ರಿ ನಿಂತುಕೊಂಡೇ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಉಳಿದದ್ದೆಲ್ಲ ಖಾಲಿ. ಮಾತ್ರೆ ಶುರುವಾದ ವರ್ಷ ಹದಿನಾಲ್ಕು ಕಿಲೋ ಹತ್ತಿದ ಮೈ ಇದು. ಕನ್ನಡಿ ಕಂಡರೆ ತಲೆ ತಗ್ಗಿಸುತ್ತಿದ್ದವಳು ಇವತ್ತು ಅರ್ಧ ಗಂಟೆ ಅದರ ಮುಂದೆಯೇ ನಿಂತೆ. ಅತ್ತೆಯೂ "ಮುಖ ಈಗ ಮುಖದ ಥರ ಇದೆ" ಅಂದರು. ಅವರ ಬಾಯಲ್ಲಿ ಅದು ಹಾರ ಹಾಕಿದ್ದಕ್ಕೆ ಸಮ.

ಉಂಗುರ ಬಕೆಟ್ಟಿಗೆ ಬಿತ್ತು. ತೆಗೆದಿಟ್ಟಿದ್ದೇನೆ. ಬಾಚಣಿಗೆ ತುಂಬ ಕೂದಲು. ಹೆತ್ತವರಿಗೆಲ್ಲ ಹಾಗಂತೆ.

ನವೆಂಬರ್ 6, ಗುರುವಾರ

ಮೂರೂಕಾಲು. ಈ ಪೆನ್ನು ಸರಿಯಿಲ್ಲ, ಅಕ್ಷರ ಇರುವೆ ಹರಿದ ಹಾಗೆ ಬರುತ್ತಿದೆ. ಫ್ಯಾನು ಹಾಕಿದ್ದಕ್ಕೆ ಇವರು ಕಂಬಳಿ ತಲೆ ಮೇಲೆ ಎಳೆದುಕೊಂಡು, "ಈ ಚಳೀಲಿ ಫ್ಯಾನಾ? ನನ್ನ ಮಂಜುಗಡ್ಡೆ ಮಾಡೋ ಪ್ಲಾನಿದ್ರೆ ನೇರವಾಗಿ ಹೇಳ್ಬಿಡು" ಅಂದರು. ನನಗೆ ಬೆವರು. ಹನ್ನೆರಡು ಚೌಕ.

ನವೆಂಬರ್ 8, ಶನಿವಾರ

ಮಗಳನ್ನು ಅತ್ತೆಯ ಕೈಗೆ ಕೊಟ್ಟು ಬೀದಿ ಕೊನೆಯ ಡಾಕ್ಟರ ಹತ್ತಿರ ಹೋದೆ. ಮನೋವೈದ್ಯರಲ್ಲ, ಜ್ವರ ನೆಗಡಿಯ ಡಾಕ್ಟರು. ಅರ್ಧ ಎಳೆದ ಪರದೆಯಲ್ಲಿ ಕಾಣುತ್ತಿತ್ತು: ನನಗಿಂತ ಮುಂಚೆ ಕೆಮ್ಮು ಅಂತ ಬಂದವಳ ನಾಡಿ ಹಿಡಿದರು, ನಾಲಿಗೆ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಉಸಿರೆಳೆಸಿದರು.

ನನ್ನ ಸರದಿ. "ಎದೆ ಹೊಡ್ಕೊಳ್ಳುತ್ತೆ ಡಾಕ್ಟ್ರೇ. ನಿದ್ದೆ ಬರಲ್ಲ. ಸೆಕೆ."

"ಯಾವುದಾದ್ರೂ ಮಾತ್ರೆ ತಗೋತಿದೀರಾ?"

ಚೀಟಿ ಕೊಟ್ಟೆ. ಓದಿದರು. ಕುರ್ಚಿ ಒಂದು ಗೇಣು ಹಿಂದಕ್ಕೆ ಹೋಯಿತು.

"ಏನಾದ್ರೂ ಧ್ವನಿಗಳು ಕೇಳಿಸ್ತಿವೆಯಾ?"

"ಸದ್ಯಕ್ಕೆ ನಿಮ್ಮದೊಂದೇ."

ಅವರು ನಗಲಿಲ್ಲ. "ಮನೋವೈದ್ಯರನ್ನು ಕಾಣುವುದು" ಅಂತ ಬರೆದು ಚೀಟಿ ನನ್ನ ಕಡೆ ತಳ್ಳಿದರು. ಸ್ಟೆತಾಸ್ಕೋಪು ಅವರ ಕೊರಳಲ್ಲೇ ಇತ್ತು. ಅದಕ್ಕೂ ನನ್ನ ಎದೆಗೂ ಎರಡು ಅಡಿ ದೂರ. ಆ ಎರಡು ಅಡಿಯನ್ನು ಅದು ದಾಟಲಿಲ್ಲ.

ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ತಲೆಯ ಕಾಯಿಲೆಯವಳಿಗೆ ಕೊರಳಿಂದ ಕೆಳಗೆ ಮೈಯೇ ಇರಲ್ಲ ಅಂತ ಇವರಿಗೆಲ್ಲ ಯಾರು ಹೇಳಿಕೊಟ್ಟರು? ಮಹಡಿ ಹತ್ತುವಾಗ ಎರಡು ಕಡೆ ಕೂತೆ. ಕೋಪಕ್ಕೆ ಉಸಿರು ಕಟ್ಟಿತು.

ನವೆಂಬರ್ 11, ಮಂಗಳವಾರ

ಸಿಕ್ಕಿಬಿದ್ದೆ.

ಅತ್ತೆ ಫ್ರಿಜ್ಜಿನ ಮುಂದೆ ಕನ್ನಡಕ ಏರಿಸಿಕೊಂಡು ನಿಂತಿದ್ದರು. "ಹಾಳೇಲಿ ಏಳು ಗಂಟೆ ಮಲಗಿದೀಯ. ಹಾಗಾದ್ರೆ ರಾತ್ರಿ ಮೂರಕ್ಕೆ ಅಡುಗೆಮನೇಲಿ ಬ್ರೆಡ್ಡಿಗೆ ಬೆಣ್ಣೆ ಸವರ್ಕೊಂಡು ತಿಂದೋರು ಯಾರಮ್ಮ? ಇಲಿನಾ? ಚಾಕು ತೊಳೆದಿಟ್ಟು ಹೋಗೋ ಇಲಿ?"

ನಾನು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟೆ.

"ಹಿಂದಿನ ಸಲಾನೂ ಹೀಗೇ ಮುಚ್ಚಿಟ್ಟೆ" ಅಂದರು. ಅದನ್ನು ಮಾತ್ರ ಬೈಯುವ ದನಿಯಲ್ಲಿ ಹೇಳಲಿಲ್ಲ.

ಟೆರೇಸಿಗೆ ಅವತ್ತು ನನ್ನನ್ನು ಹುಡುಕಿಕೊಂಡು ಬಂದವರು ಅವರೇ. ಮಂಡಿ ನೋವಿನವರು ಬೀದಿಯಿಂದ ನಾಲ್ಕು ಮಹಡಿ ಓಡಿ ಹತ್ತಿದ್ದರು. ಅದು ನನಗೆ ಗೊತ್ತು. ಗೊತ್ತಿದ್ದೂ ಇವತ್ತು ಅವರ ಮೇಲೆ ಪಾತ್ರೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ತೊಳೆದೆ. ಎರಡು ಲೋಟ ಕೈ ಜಾರಿ ಒಡೆದವು. ಬೇಕಂತ ಅಲ್ಲ.

ನವೆಂಬರ್ 12, ಬುಧವಾರ

ಮಗಳು ಎದೆಗಾನಿಕೊಂಡು ಮಲಗಿದ್ದಾಳೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ.

ನಾನು ನೀರಿನ ಪರೀಕ್ಷೆಯ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿದವಳು. ಊರಿಗೆಲ್ಲ ಹೋಗುವ ನೀರಿನಲ್ಲಿ ಏನಿದೆ, ಎಷ್ಟಿದೆ ಅಂತ ಬರೆದು ಸಹಿ ಹಾಕುವ ಕೆಲಸ. ಒಬ್ಬ ಪರೀಕ್ಷೆಯನ್ನೇ ಮಾಡದೆ ರಿಜಿಸ್ಟರಿನಲ್ಲಿ ಅಂಕಿ ತುಂಬಿದ್ದಾಗ ಎಲ್ಲರೂ "ಹೋಗ್ಲಿ ಬಿಡು" ಅಂದರೂ ಬಿಡದೆ ಮೇಲಿನವರಿಗೆ ಹೇಳಿದವಳು ನಾನೇ. ಈಗ ಹತ್ತು ದಿನದಿಂದ ಸುಳ್ಳು ಚೌಕ ತುಂಬುತ್ತಿರುವವಳೂ ನಾನೇ.

ಇವತ್ತಿನಿಂದ ಇಲ್ಲ. ಎಷ್ಟು ಮಲಗಿದೆನೋ ಅಷ್ಟೇ. ಮೂರು ರಾತ್ರಿ ಆದರೆ ಆಗಲಿ. ಆದರೆ ನನ್ನನ್ನು ಅಳೆಯುವುದಾದರೆ ಪೂರ್ತಿ ಅಳೆಯಿರಿ. ಲ್ಯಾಬಿನಲ್ಲಿ ಅಂಕಿ ವಿಚಿತ್ರವಾಗಿ ಬಂದರೆ ಇನ್ನೊಂದು ಬಗೆಯ ಪರೀಕ್ಷೆ ಮಾಡದೆ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಇಲ್ಲಿ ನನಗಿರುವುದು ಒಂದೇ ಮಾಪಕ: ನಿದ್ದೆ. ಅದು ಕೆಟ್ಟರೆ ತಲೆ ಕೆಟ್ಟಿತು ಅಂತ ಅರ್ಥ. ಮುಗೀತು.

ಗೋಡೆ ಗಡಿಯಾರ ನೋಡಿಕೊಂಡು ನನ್ನ ನಾಡಿ ಎಣಿಸಿದೆ. ಸುಮ್ಮನೆ ಕೂತಿದ್ದಾಗ, ನಿಮಿಷಕ್ಕೆ ನೂರ ಹದಿನಾಲ್ಕು. ಮೂರು ಸಲ ಎಣಿಸಿದೆ. ನೂರ ಹದಿನಾಲ್ಕು, ನೂರ ಹನ್ನೆರಡು, ನೂರ ಹದಿನಾಲ್ಕು.

ನವೆಂಬರ್ 13, ಗುರುವಾರ

ಮೂರು ಗಂಟೆ. ಆರು ಚೌಕ. ಅತ್ತೆ ಚೌಕಗಳನ್ನು ಬೆರಳಿಟ್ಟು ಎಣಿಸಿದರು.

ಸಂಜೆ ಇವರು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗಲೇ ನಾಡಿಯ ಅಂಕಿ ಹೇಳಿದೆ. ಇವರು ಲಿಫ್ಟ್ ಮೆಕ್ಯಾನಿಕ್. ಕೈ ಮೂಸಿದರೆ ಯಾವಾಗಲೂ ಗ್ರೀಸು.

"ಗಾಬರಿಗೆ ಹಾಗಾಗುತ್ತೆ ಕಣೇ."

"ಯಾಕೆ ಗಾಬರಿ?"

"ನಿದ್ದೆ ಇಲ್ವಲ್ಲ."

"ನಿದ್ದೆ ಯಾಕಿಲ್ಲ?"

"ಅದೇ... ನಿನ್ನ ಕಾಯಿಲೆ..."

"ರೀ, ಒಂದು ಮಾತು ಕೇಳ್ತೀನಿ. ನಡುವೆ ಲಿಫ್ಟ್ ನಿಂತುಹೋಯ್ತು ಅಂತ ಫೋನ್ ಬಂದ್ರೆ ನೀವು ಮೊದಲು ಮೋಟಾರ್ ನೋಡ್ತೀರೋ, ಒಳಗೆ ಸಿಕ್ಕಿಹಾಕ್ಕೊಂಡೋರ ತಲೆ ಸರಿಯಿದ್ಯಾ ಅಂತ ಕೇಳ್ತೀರೋ?"

ಬೂಟು ಕೈಯಲ್ಲೇ ಹಿಡಿದು ಕೂತರು. "ಮೇಲ್ಮನೆಯವರು?" ಅಂತ ಮೆಲ್ಲಗೆ ಕೇಳಿದರು. ನನಗೆ ಕೇಳಿಸುತ್ತಿದ್ದವರಿಗೆ ನಾವಿಬ್ಬರೂ ಇಟ್ಟ ಹೆಸರದು. ನಮ್ಮದು ಕಟ್ಟ ಕಡೆಯ ಮಹಡಿ, ಮೇಲೆ ಮನೆಯೇ ಇಲ್ಲ.

"ಬೀಗ ಹಾಕಿದೆ. ಆಗ ಅವರ ಮಾತು ಕೇಳಬೇಕು ಅಂತ ಎದ್ದು ಕೂರ್ತಿದ್ದೆ, ನಿದ್ದೇನೇ ಬೇಡ ಅನ್ನಿಸ್ತಿತ್ತು. ಈಗ ಮಲಗೋಕೆ ಸಾಯ್ತಿದೀನಿ. ಮೈ ಬಿಡ್ತಿಲ್ಲ."

"ಅದನ್ನ ನಾನು ಹೇಗೆ ನಂಬ್ಲಿ ಹೇಳು? ಆಗ್ಲೂ ನೀನು ಹೀಗೇ ಲೆಕ್ಕ ಹಾಕಿದ ಹಾಗೆ ಮಾತಾಡ್ತಿದ್ದೆ."

ಅದೂ ನಿಜ. ಈ ಮನೆಯಲ್ಲಿ ನಾನು ಸರಿಯಾಗಿ ಮಾತಾಡಿದಷ್ಟೂ ಅನುಮಾನ ಹೆಚ್ಚು.

"ನಂಬಬೇಡಿ. ಎಣಿಸಿ. ಎದ್ದಿದ್ದಾಗ ಎಣಿಸಿದ್ರೆ ಗಾಬರಿ ಅಂತೀರಿ. ನಾನು ಒಂದು ಗಂಟೆನೋ ಎರಡು ಗಂಟೆನೋ ಮಲಗ್ತೀನಲ್ಲ, ಆಗ ಎಣಿಸಿ. ನಿದ್ದೇಲಿ ನಾನು ಯಾರ ಹತ್ರ ವಾದ ಮಾಡ್ಲಿ?"

ನವೆಂಬರ್ 14, ಶುಕ್ರವಾರ

ಎರಡೂವರೆ ಗಂಟೆ. ಐದು ಚೌಕ.

ಇವರು ಎಣಿಸಲೇ ಇಲ್ಲ. ಕೂತಲ್ಲೇ ಗೊರಕೆ. ಬೆಳಿಗ್ಗೆ ಕ್ಷಮೆ ಕೇಳಿದರು.

ಮಧ್ಯಾಹ್ನ ಒಂದು ಕೆಟ್ಟ ಯೋಚನೆ ಬಂತು. ಅವರು ಹೇಳುವುದೇ ಸರಿಯಿದ್ದರೆ? ಬಚ್ಚಲಲ್ಲಿ ನಲ್ಲಿ ನಿಲ್ಲಿಸಿ, ಬಾಗಿಲು ಹಾಕಿ, ಮೇಲೆ ನೋಡಿಕೊಂಡು ಹತ್ತು ನಿಮಿಷ ಕಾದೆ. "ಯಾರಾದ್ರೂ ಇದ್ರೆ ಈಗಲೇ ಹೇಳಿ" ಅಂದೆ. ಯಾರೂ ಇರಲಿಲ್ಲ. ಹೊರಗೆ ಮಗಳು ಮಾತ್ರ ಅಳುತ್ತಿದ್ದಳು, ಅದು ಎಲ್ಲರಿಗೂ ಕೇಳಿಸುತ್ತಿತ್ತು.

ನವೆಂಬರ್ 15, ಶನಿವಾರ, ಬೆಳಿಗ್ಗೆ

ಎರಡು ಗಂಟೆ. ನಾಲ್ಕು ಚೌಕ. ಮೂರನೇ ರಾತ್ರಿ.

ಆದರೆ ನಿನ್ನೆ ಇವರು ಮಲಗಲಿಲ್ಲ. ಕಾಫಿ ಕುಡಿದು, ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಹನ್ನೆರಡಕ್ಕೆ ನನಗೆ ಜೊಂಪು ಹತ್ತಿತು. ಒಂದೂವರೆಗೆ ಮಣಿಕಟ್ಟು ಹಿಡಿದರಂತೆ: ನೂರ ಹದಿನೆಂಟು. ಎರಡಕ್ಕೆ: ನೂರ ಇಪ್ಪತ್ತು. ನಾನು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದೆನಂತೆ. ಎದೆ ಮಾತ್ರ ಓಡುತ್ತಲೇ ಇತ್ತಂತೆ. ತಮ್ಮದು ಎಣಿಸಿಕೊಂಡರು, ಅರವತ್ತೆಂಟು.

ಎರಡು ನಾಡಿ ಸಾಲದು ಅನ್ನಿಸಿ ಕತ್ತಲಲ್ಲಿ ಅತ್ತೆಯ ಕೋಣೆಗೆ ಹೋಗಿ, ಮಲಗಿದ್ದವರ ಕೈ ಹಿಡಿದಿದ್ದಾರೆ ಈ ಪುಣ್ಯಾತ್ಮ.

"ಕಳ್ಳ! ಕಳ್ಳ! ನನ್ನ ಬಳೆ!"

ಇಡೀ ಮಹಡಿ ಎದ್ದಿತು. ಮಗಳು ಕಿರುಚಿದಳು. ಅತ್ತೆ ದಿಂಬಿನಲ್ಲಿ ಮಗನಿಗೆ ನಾಲ್ಕು ಬಾರಿಸಿದ ಮೇಲೆ ದೀಪ ಹಾಕಿದರು.

"ಅಮ್ಮ, ನಾನು! ನಾಡಿ ನೋಡೋಕೆ ಬಂದೆ!"

"ಸತ್ತಿದೀನಾ ಅಂತ ನೋಡೋಕೆ ಬಂದ್ಯಾ? ಬೆಳಗಾಗೋ ತನಕ ತಡ್ಕೊಳ್ಳೋಕಾಗ್ಲಿಲ್ವಾ?"

ನಾನು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಮೂವರೂ ಅಡುಗೆಮನೆಯಲ್ಲಿ ಕೂತೆವು. ಇವರು ಅಂಕಿಗಳನ್ನು ಹೇಳಿದರು. ಅತ್ತೆ ನನ್ನ ಮುಖ ನೋಡುವುದನ್ನು ಬಿಟ್ಟು ಕೈ ನೋಡಿದರು. ಹಾಲಿನ ಲೋಟ ಹಿಡಿದಿದ್ದೆ. ಹಾಲಿನ ಮೇಲೆ ಸಣ್ಣ ಸಣ್ಣ ಅಲೆ.

"ಕೈ ಚಾಚು." ಚಾಚಿದೆ. "ಬೆರಳು ಬಿಡಿಸು." ಬಿಡಿಸಿದೆ. ನನ್ನ ಬೆರಳುಗಳು ನನ್ನವಲ್ಲದ ಹಾಗೆ ಸಣ್ಣಗೆ ನಡುಗುತ್ತಿದ್ದವು.

"ನನ್ನ ತಂಗಿಗೆ ಎರಡನೇ ಮಗು ಆದ್ಮೇಲೆ ಹೀಗೇ ಆಗಿತ್ತು" ಅಂದರು ನಿಧಾನವಾಗಿ. "ಸೂಜಿಗೆ ದಾರ ಪೋಣಿಸೋಕಾಗ್ತಿರ್ಲಿಲ್ಲ. ಸೆಕೆ ಸೆಕೆ ಅಂತ ನೆಲದ ಮೇಲೆ ಮಲಗ್ತಿದ್ಲು. ತಿಂದಿದ್ದೆಲ್ಲ ಎಲ್ಲಿ ಹೋಗ್ತಿತ್ತೋ, ಕಡ್ಡಿ ಆಗಿದ್ಲು. ರಕ್ತ ಪರೀಕ್ಷೆ ಮಾಡಿ ಥೈರಾಯ್ಡ್ ಅಂದ್ರು." ಆಮೇಲೆ ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ಬಾಯಿ ಮುಚ್ಚಿಕೊಂಡರು.

"ಅತ್ತೆ, ಹಾಗಾದ್ರೆ ನಿಮ್ಮ ಮಗಳಿಗೆ ಫೋನ್ ಮಾಡಬೇಡಿ."

ಅವರು ಹಾಲಿನ ಲೋಟವನ್ನು ನನ್ನ ಕಡೆ ಸರಿಸಿದರು. "ಆಗಲ್ಲಮ್ಮ. ಸಹಿ ಹಾಕಿದೀನಿ. ಅವತ್ತು ನಿನ್ನ ಮೇಲಿನ ಪ್ರೀತಿಗೆ ಹತ್ತು ದಿನ ತಡ ಮಾಡ್ದೆ. ಇನ್ನೊಂದು ಸಲ ಮಾಡಲ್ಲ. ನಂಗೆ ಏನನ್ನಿಸುತ್ತೆ ಅನ್ನೋದು ಬೇಡ. ಸಿಸ್ಟರ್ ಹೇಳ್ಲಿ, ಈ ಬಾಗಿಲಲ್ಲೇ ಅವಳನ್ನ ವಾಪಸ್ ಕಳಿಸ್ತೀನಿ."

ಬೆಳಗಾಗುತ್ತಲೇ ಅತ್ತೆ ಫೋನ್ ಮಾಡಿದರು; ನಾದಿನಿ ನಾಳೆ ಮೊದಲ ಬಸ್ಸಿಗೆ, ಆರು ಗಂಟೆಗೆ ಬರುತ್ತಾಳೆ.

ಆಸ್ಪತ್ರೆಗೆ ಫೋನ್ ಮಾಡಿದೆವು. ಡಾಕ್ಟರ್ ಸೋಮವಾರದವರೆಗೆ ಊರಲ್ಲಿಲ್ಲ. ಫೋನ್ ಎತ್ತಿದವರು ಡಾಕ್ಟರಿಗೆ ಸುದ್ದಿ ಮುಟ್ಟಿಸಿ, ತಿರುಗಿ ಫೋನ್ ಮಾಡಿ ಹೇಳಿದರು: "ರಾತ್ರಿ ಮಾತ್ರೆ ಎರಡು ಕೊಡಿ. ಒಪ್ಪಂದದ ಪ್ರಕಾರ ನಡೀರಿ." ನಾಡಿಯ ವಿಷಯ ಅವರಿಗೆ ಹೇಳಿದಿರಾ ಅಂತ ಕೇಳಿದೆ. "ನಿದ್ದೆ ಇಲ್ಲ ಅಂತ ಹೇಳಿದೀನಿ" ಅಂದರು. ಸಿಸ್ಟರ್‌ಗೆ ಈ ವಾರ ವಾರ್ಡಿನಲ್ಲಿ ರಾತ್ರಿ ಪಾಳಿ, ಒಂಬತ್ತಕ್ಕೆ ಬರುತ್ತಾರಂತೆ.

ನವೆಂಬರ್ 15, ಶನಿವಾರ, ರಾತ್ರಿ ಹನ್ನೆರಡೂಕಾಲು

ಒಂಬತ್ತರಿಂದ ವಾರ್ಡಿನ ಫೋನ್ ಬರೀ ಎಂಗೇಜ್. ಇಪ್ಪತ್ತಾರು ಸಲ ಮಾಡಿದೆವು. ಇವರು ಬೈಕಿನ ಕೀಲಿ ಹುಡುಕುತ್ತಿದ್ದಾರೆ. ಒಳಗೆ ಬಿಡದಿದ್ದರೂ ಕಾಗದವನ್ನು ಸಿಸ್ಟರ್ ಕೈಗೆ ಮುಟ್ಟಿಸಿಯೇ ಬರುತ್ತೇನೆ ಅಂದಿದ್ದಾರೆ. ಹೊಸ ಹಾಳೆ ಹುಡುಕಲು ಪುರುಸೊತ್ತಿಲ್ಲ. ಇಲ್ಲಿಂದ ಕೆಳಗೆ ಬರೆದದ್ದನ್ನು ಹರಿದು ಕೊಡುತ್ತೇನೆ.

ಸಿಸ್ಟರ್,

ನಮಸ್ಕಾರ. ನಾನು ಯಾರೆಂದು ನನ್ನವರು ಹೇಳುತ್ತಾರೆ. ಅಕ್ಷರ ಹೀಗಿದೆ ಅಂತ ಹೆದರಬೇಡಿ. ಇಷ್ಟು ದಿನ ಪೆನ್ನನ್ನು ಬೈಯುತ್ತಿದ್ದೆ, ನಡುಗುತ್ತಿರುವುದು ಕೈ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಈ ತಿಂಗಳ 3ರಿಂದ 12ರವರೆಗಿನ ನಿದ್ದೆ ಹಾಳೆ ಸುಳ್ಳು. ಆಮೇಲಿನ ಮೂರು ಸಾಲು ನಿಜ. ಆ ಸುಳ್ಳಿಗೆ ನನ್ನನ್ನು ಏನು ಬೇಕಾದರೂ ಅನ್ನಿ, ಆದರೆ ಸೋಮವಾರ ಅನ್ನಿ.

ಈಗ ನಿಜವಾದ ಅಂಕಿ. ಎದ್ದಿದ್ದಾಗ ನಾಡಿ ನೂರ ಹದಿನಾಲ್ಕು. ನಿದ್ದೆಯಲ್ಲಿ ನೂರ ಹದಿನೆಂಟು, ನೂರ ಇಪ್ಪತ್ತು. ನಿದ್ದೆಯಲ್ಲಿ ಎಣಿಸಿದ್ದು ನಾನಲ್ಲ, ನನ್ನವರು. ಅದೇ ರಾತ್ರಿ ಅವರ ನಾಡಿ ಅರವತ್ತೆಂಟು. ನನ್ನ ತೂಕ ಐದು ವಾರದಲ್ಲಿ ಏಳು ಕಿಲೋ ಇಳಿದಿದೆ, ಎರಡಾಳಿನ ಊಟ ಮಾಡಿಯೂ. ಈ ಚಳಿಯಲ್ಲಿ ಬೆವರುತ್ತೇನೆ. ಎರಡು ಮಹಡಿಗೆ ಉಸಿರು ಕಟ್ಟುತ್ತದೆ. ಮೇಲ್ಮನೆಯವರ, ಅಂದರೆ ಆ ಧ್ವನಿಗಳ, ಸದ್ದಿಲ್ಲ; ನೀವು ಕೇಳುತ್ತೀರಿ ಅಂತ ಮೊದಲೇ ಹೇಳಿದೆ. ದಿನದ ಮಾತ್ರೆ ಒಂದೂ ತಪ್ಪಿಸಿಲ್ಲ, ತಪ್ಪಿಸುವುದೂ ಇಲ್ಲ.

ನನಗೆ ಸ್ಕಿಜೋಫ್ರೇನಿಯಾ ಇದೆ. ಅದರ ಜೊತೆಗೆ ಒಂದು ಎದೆ ಇದೆ, ಕೊರಳಿದೆ, ರಕ್ತ ಇದೆ. ಐದು ವರ್ಷದಿಂದ ಎಲ್ಲರೂ ನನ್ನ ನಿದ್ದೆ ಎಣಿಸಿದಿರಿ, ಉಳಿದದ್ದನ್ನು ಯಾರೂ ಮುಟ್ಟಿ ನೋಡಲಿಲ್ಲ. ನನ್ನ ಅತ್ತೆಗೆ ಥೈರಾಯ್ಡ್ ಅಂತ ಅನುಮಾನ. ನನಗೆ ಗೊತ್ತಿಲ್ಲ, ಅದಕ್ಕೇ ಪರೀಕ್ಷೆ ಕೇಳುತ್ತಿದ್ದೇನೆ. ಒಂದು ಸೂಜಿ, ಒಂದು ಸೀಸೆ ರಕ್ತ. ನಿಮ್ಮ ಎಮರ್ಜೆನ್ಸಿಗೆ ಈಗಲೇ ಬಾ ಅಂದರೆ ಮಗಳನ್ನು ಸುತ್ತಿಕೊಂಡು ಈಗಲೇ ಬರುತ್ತೇನೆ.

ಇದು ವಾದ ಅಂತ ನಿಮಗೆ ಅನ್ನಿಸಿದರೆ, ಹೌದು, ವಾದವೇ. ಆ ನಾಲ್ಕನೇ ಷರತ್ತನ್ನು ಬರೆದವಳಿಗೆ ತಲೆ ಕೆಡುವುದೊಂದೇ ಗೊತ್ತಿತ್ತು, ಮೈ ಕೆಡುವುದು ಗೊತ್ತಿರಲಿಲ್ಲ. ಅವಳ ಪರವಾಗಿ ಆ ಸಾಲನ್ನು ನಾನು ಹೊಡೆದುಹಾಕುತ್ತಿದ್ದೇನೆ. ಮೊದಲ ಮೂರಕ್ಕೆ ಈಗಲೂ ಬದ್ಧಳು. ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರೆ ಎರಡು ಮಾತ್ರೆ ನುಂಗುತ್ತೇನೆ, ಮಗಳ ಬಟ್ಟೆಯನ್ನು ನಾನೇ ಮಡಚಿ ಚೀಲಕ್ಕೆ ತುಂಬುತ್ತೇನೆ.

ಆದರೆ ಅಳೆಯದೆ ಒಯ್ಯಬೇಡಿ. ನಾಲ್ಕು ತಿಂಗಳ ಕೂಸು ಸಿಸ್ಟರ್. ಬಾಟಲಿ ಮೂಸಿ ಮುಖ ತಿರುಗಿಸುತ್ತಾಳೆ.

ಮೂರನೇ ಷರತ್ತಿನ ಪ್ರಕಾರ ನಿಮ್ಮ ಒಂದು ಮಾತು ಸಾಕು. ನಾದಿನಿಯ ಬಸ್ಸು ಆರಕ್ಕೆ. ನಂಬರ್ ಹಾಳೆಯ ಹಿಂದೆ ಇದೆ, ದೊಡ್ಡದಾಗಿ ಬರೆದಿದ್ದೇನೆ. ಒಂದು ಗಂಟೆಗೆ ಮಾಡಿ, ಮೂರಕ್ಕೆ ಮಾಡಿ, ಐದು ಐವತ್ತಕ್ಕಾದರೂ ಮಾಡಿ. ಇಷ್ಟು ಹೊತ್ತಿನಲ್ಲಿ ಹೇಗೆ ಎಬ್ಬಿಸಲಿ ಅಂತ ಮಾತ್ರ ಹಿಂಜರಿಯಬೇಡಿ. ಈ ಮನೆಯಲ್ಲಿ ಯಾರೂ ಮಲಗಿಲ್ಲ. ಫೋನ್ ನನ್ನ ಮಡಿಲಲ್ಲೇ ಇದೆ. ಬೆಳಗಾಗುವುದರೊಳಗೆ ಮಾಡಿ ಸಿಸ್ಟರ್. ದಯವಿಟ್ಟು ಮಾಡಿ.